ಹಾವೂ ಸಾಯಬಾರದು, ಕೋಲೂ ಮುರಿಯಬಾರದು

ಈ ಸಲದ್ದು ಸ್ವಲ್ಪ ಒಣ ವಿಷಯ. ಮಳೆ, ಕಾಫಿ ಹೂವು, ಅಜ್ಜನ ಮನೆ ಜಗಲಿ ಯಾವುದೂ ಇಲ್ಲ. ಶೃಂಗೇರಿ, ಕೊಪ್ಪ ಅಂತ ಹೆಸರು ನೋಡಿ ಒಳಗೆ ಬಂದವರಿಗೆ ಮೊದಲೇ ಹೇಳಿಬಿಡ್ತೇನೆ, ಆಮೇಲೆ ಬೈಕೋಬೇಡಿ :-)

ಪ್ರಶ್ನೆ ಇಷ್ಟೇ. ಪೊಲೀಸರೇ ಆರೋಪಿಯಾಗಿ ಕಟಕಟೆಯಲ್ಲಿ ನಿಂತಾಗ ಅವರ ವಿರುದ್ಧ ವಾದ ಮಾಡುವ ಸರ್ಕಾರಿ ವಕೀಲರು ಯಾರಾಗಿರಬೇಕು? ದಿನಾ ಬೆಳಗಾದರೆ ಅದೇ ಪೊಲೀಸರ ಜೊತೆ ಕೆಲಸ ಮಾಡುವವರೇ ಆಗಿದ್ದರೆ ಏನಾಗುತ್ತದೆ?

ಪೇಪರಿನಲ್ಲಿ ಲಾಕಪ್ಪಿನಲ್ಲಿ ಸಾವು, ಗುಂಡೇಟು, ಠಾಣೆಯಲ್ಲಿ ಹಲ್ಲೆ ಅಂತ ಸುದ್ದಿ ಬಂದಾಗಲೆಲ್ಲ ನಾವು ಕೇಳೋದು ಒಂದೇ, "ತನಿಖೆ ಯಾರು ಮಾಡ್ತಾರೆ?" ಸಿಐಡಿಗೆ ಕೊಡಿ, ಸಿಬಿಐಗೆ ಕೊಡಿ ಅಂತ ಗಲಾಟೆ ಆಗುತ್ತದೆ. ಸಿಐಡಿಗೆ ಕೊಟ್ಟರು ಅಂದ ತಕ್ಷಣ ಎಲ್ಲರೂ ಮನೆಗೆ ಹೋಗುತ್ತೇವೆ. ತನಿಖೆ ಮುಗಿದು, ಚಾರ್ಜ್‌ಶೀಟ್ ಆಗಿ, ವರ್ಷಗಟ್ಟಲೆ ನಡೆಯುವ ವಿಚಾರಣೆಯಲ್ಲಿ ಸತ್ತವನ ಪರವಾಗಿ ಎದ್ದು ನಿಲ್ಲೋದು ಯಾರು ಅಂತ ಯಾರೂ ಕೇಳೋದಿಲ್ಲ. ಕೇಸು ಉಳಿಯೋದೂ ಮುಳುಗೋದೂ ಬಹಳಷ್ಟು ಸಲ ಅಲ್ಲೇ.

ಬೆಂಗಳೂರಿನಂಥ ಊರಿನಲ್ಲಿ ಕೋರ್ಟುಗಳೂ ಹೆಚ್ಚು, ಸರ್ಕಾರಿ ವಕೀಲರೂ ಹೆಚ್ಚು, ಯಾರಿಗೆ ಯಾರು ಪರಿಚಯ ಅಂತ ಹೇಳೋದು ಕಷ್ಟ. ನಮ್ಮ ತಾಲೂಕುಗಳ ಕಥೆ ಬೇರೆ. ಕೊಪ್ಪದಲ್ಲಿ ಡಿವೈಎಸ್‌ಪಿ ಕಚೇರಿ. ಅದರ ಕೆಳಗೆ ಕೊಪ್ಪ, ಹರಿಹರಪುರ, ಜಯಪುರ, ಶೃಂಗೇರಿ, ನರಸಿಂಹರಾಜಪುರ, ಬಾಳೆಹೊನ್ನೂರಿನ ಠಾಣೆಗಳು. ಮೂರೂ ತಾಲೂಕು ಕೇಂದ್ರಗಳಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟು. ಅಲ್ಲಿ ಸರ್ಕಾರದ ಪರ ವಾದ ಮಾಡೋರು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರು. ಅಡಿಕೆ ಕಳ್ಳತನ, ಬೈಕ್ ಅಪಘಾತ, ಅಕ್ರಮ ಮರಳು, ಬೇಲಿ ಜಗಳದ ಹೊಡೆದಾಟ, ಎಲ್ಲ ಕೇಸುಗಳೂ ಇದೇ ಠಾಣೆಗಳಿಂದ ಬಂದು ಇವರ ಮೇಜಿನ ಮೇಲೆ ಬೀಳುತ್ತವೆ.

ಎಪಿಪಿಯವರ ದಿನ ಹೇಗಿರುತ್ತದೆ ನೋಡಿ. ಫೈಲು ತರೋದು ಠಾಣೆಯ ಕೋರ್ಟ್ ಡ್ಯೂಟಿ ಕಾನ್‌ಸ್ಟೇಬಲ್. ಸಾಕ್ಷಿಗೆ ಸಮನ್ಸ್ ಮುಟ್ಟಿಸೋದು ಪೊಲೀಸರು. ಬಾರದ ಸಾಕ್ಷಿಯನ್ನು ವಾರಂಟ್ ಮೇಲೆ ಕರೆತರೋದೂ ಅವರೇ. ಮುದ್ದೆಮಾಲು, ಡಾಕ್ಟರ ವರದಿ, ಪಂಚನಾಮೆ ಎಲ್ಲವೂ ಅವರ ಮೂಲಕವೇ ಬರಬೇಕು. ತನಿಖಾಧಿಕಾರಿ ಸರಿಯಾಗಿ ಸಾಕ್ಷಿ ಹೇಳಿದರೆ ಎಪಿಪಿಯವರ ಕೇಸು ಗೆಲ್ಲುತ್ತದೆ, ಎಡವಿದರೆ ಸೋಲುತ್ತದೆ. ವರ್ಷವಿಡೀ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು.

ಒಂದು ದಿನ ಅದೇ ಠಾಣೆಯ ಒಬ್ಬ ಎಸ್‌ಐ ಅಥವಾ ಪೇದೆಯ ಮೇಲೆ ಕೇಸು ಬಂತು ಅಂತಿಟ್ಟುಕೊಳ್ಳಿ. ನಿನ್ನೆಯವರೆಗೆ "ನಮಸ್ಕಾರ ಸಾರ್" ಅಂತ ಫೈಲು ಕೊಟ್ಟವನನ್ನೇ ಇವತ್ತು "ಇವನು ಕೈದಿಗೆ ಹೊಡೆದಿದ್ದಾನೆ, ಜಾಮೀನು ಕೊಡಬೇಡಿ ಸ್ವಾಮಿ" ಅನ್ನಬೇಕು. ನಾಳೆಯಿಂದ ಮತ್ತೆ ಅದೇ ಠಾಣೆಯವರು ಬೇರೆ ಕೇಸಿಗೆ ಸಾಕ್ಷಿ ಕರೆತರಬೇಕು. ಇದಕ್ಕೇ ಹಿತಾಸಕ್ತಿ ಸಂಘರ್ಷ ಅನ್ನೋದು. ಇದಕ್ಕೆ ಲಂಚ ಬೇಕಿಲ್ಲ, ದುರುದ್ದೇಶವೂ ಬೇಕಿಲ್ಲ. ಊರು ಸಣ್ಣದಿದ್ದರೆ ಸಾಕು.

ಒಂದು ಮಾತು ಸ್ಪಷ್ಟವಾಗಿರಲಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಯಾವ ಎಪಿಪಿಯವರ ಮೇಲೂ ನನ್ನ ಆರೋಪವಿಲ್ಲ. ನಾನು ಹೇಳ್ತಿರೋದು ಕುರ್ಚಿಯ ಬಗ್ಗೆ, ಕೂತವರ ಬಗ್ಗೆ ಅಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ, ಇನ್ನೊಬ್ಬ ನೋಡಲೇಬೇಕು. ಬರೆದವನು ಕಳ್ಳ ಅಂತ ಯಾರೂ ಅಂದುಕೊಂಡಿರೋದಿಲ್ಲ, ಆದರೂ ನಿಯಮ ಎಲ್ಲರಿಗೂ ಒಂದೇ. ಒಂದು ವೆಬ್‌ಸೈಟಿನ ಬಟನ್‌ಗೆ ಇರುವಷ್ಟು ಎಚ್ಚರ ಒಬ್ಬ ಮನುಷ್ಯನ ಸಾವಿನ ಕೇಸಿಗೂ ಇರಲಿ ಅನ್ನೋದಷ್ಟೇ ನನ್ನ ಆಸೆ.

ನಮ್ಮ ಕಡೆಗೆ ಇದು ದೂರದ ಮಾತೂ ಅಲ್ಲ. 2014ರ ಏಪ್ರಿಲ್ 19ರಂದು ಶೃಂಗೇರಿ ತಾಲೂಕಿನ ತನಿಕೋಡು ಚೆಕ್‌ಪೋಸ್ಟ್ ಹತ್ತಿರ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಮಂಗಳೂರು ಕಡೆಯ ಒಬ್ಬ ಯುವಕ ಸತ್ತ. ದನ ಸಾಗಿಸುತ್ತಿದ್ದ ವಾಹನದಲ್ಲಿದ್ದವನು ಅವನು, ನಕ್ಸಲನಲ್ಲ. ಸರ್ಕಾರ ತನಿಖೆಯನ್ನು ಸಿಐಡಿಗೆ ಕೊಟ್ಟಿತು, ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಪರಿಹಾರ ಕೊಟ್ಟಿದ್ದು ಸರಿಯೋ ತಪ್ಪೋ, ದನ ಸಾಗಣೆ ಸರಿಯೋ ತಪ್ಪೋ ಅಂತ ಊರೂರಲ್ಲಿ ಜಗಳವಾಯಿತು. ಗುಂಡು ಹಾರಿಸಿದ್ದರ ಬಗ್ಗೆ ಕೋರ್ಟಿನಲ್ಲಿ ಸರ್ಕಾರದ ಪರ ಯಾರು, ಎಷ್ಟು ಗಟ್ಟಿಯಾಗಿ ವಾದಿಸಬೇಕು ಅನ್ನೋದು ಆ ಗದ್ದಲದಲ್ಲಿ ಚರ್ಚೆಗೇ ಬರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಸುಪ್ರೀಂ ಕೋರ್ಟ್ ಪಿಯುಸಿಎಲ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ ಎನ್‌ಕೌಂಟರ್ ಸಾವುಗಳ ಬಗ್ಗೆ 16 ಮಾರ್ಗಸೂಚಿ ಕೊಟ್ಟಿತು. ಎಫ್‌ಐಆರ್ ಆಗಲೇಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಗುಂಡು ಹಾರಿಸಿದವರು ಆಯುಧವನ್ನು ತನಿಖೆಗೆ ಒಪ್ಪಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಕೊಡಕೂಡದು. ಎಲ್ಲವೂ ಒಳ್ಳೆಯ ಮಾತೇ. ಗಮನಿಸಿ, "ಬೇರೆ ಠಾಣೆಯವರು" ಅಂತ ಕೋರ್ಟೇ ಹೇಳಿದೆ. ಒಟ್ಟಿಗೆ ಕೆಲಸ ಮಾಡುವವರು ಒಬ್ಬರ ಮೇಲೊಬ್ಬರು ತನಿಖೆ ಮಾಡಬಾರದು ಅನ್ನೋದನ್ನು ಅದು ಒಪ್ಪಿಕೊಂಡ ಹಾಗಾಯಿತು. ಅದೇ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ "ಬೇರೆ ಊರಿನ ಸರ್ಕಾರಿ ವಕೀಲರು" ಅಂತಲೂ ಆಗಬೇಕಿತ್ತು. ಆ 16ರಲ್ಲಿ ಅದು ಇಲ್ಲ.

ಕಾನೂನಿಗೆ ಈ ಸೂಕ್ಷ್ಮ ಗೊತ್ತೇ ಇಲ್ಲ ಅಂತಲೂ ಅಲ್ಲ. ಹಿಂದೆ ನಮ್ಮ ದೇಶದಲ್ಲಿ ಕೆಳ ಕೋರ್ಟುಗಳಲ್ಲಿ ಪೊಲೀಸ್ ಇಲಾಖೆಯವರೇ ಪ್ರಾಸಿಕ್ಯೂಟರ್ ಆಗಿರುತ್ತಿದ್ದರು. 1958ರಲ್ಲಿ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಇವೆರಡನ್ನೂ ಬೇರೆ ಮಾಡಿ ಅಂದಿತು. 1973ರ ಅಪರಾಧ ಪ್ರಕ್ರಿಯಾ ಸಂಹಿತೆ ಎಪಿಪಿಗಳ ನೇಮಕಕ್ಕೆ ಪ್ರತ್ಯೇಕ ಕಲಮು ತಂದಿತು. ತನಿಖೆಯಲ್ಲಿ ಕೈಯಾಡಿಸಿದ ಪೊಲೀಸ್ ಅಧಿಕಾರಿ ಅದೇ ಕೇಸಿನಲ್ಲಿ ಪ್ರಾಸಿಕ್ಯೂಟರ್ ಆಗುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 19ನೇ ಕಲಮಿನಲ್ಲೂ ಅದು ಹಾಗೇ ಇದೆ. 1995ರಲ್ಲಿ ಎಸ್.ಬಿ. ಶಹಾನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಾಸಿಕ್ಯೂಟರುಗಳು ಪೊಲೀಸ್ ಇಲಾಖೆಯ ಹಿಡಿತದಲ್ಲಿ ಇರಕೂಡದು, ಅವರಿಗೆ ಬೇರೆಯೇ ಇಲಾಖೆ ಮಾಡಿ ಅಂತ ಮಹಾರಾಷ್ಟ್ರಕ್ಕೆ ಹೇಳಿತು.

ಇಲಾಖೆ ಬೇರೆಯಾಯಿತು, ಮನೆ ಬೇರೆಯಾಗಲಿಲ್ಲ. ಅಭಿಯೋಗ ನಿರ್ದೇಶಕರು ರಾಜ್ಯದ ಗೃಹ ಇಲಾಖೆಯ ಆಡಳಿತಾತ್ಮಕ ನಿಯಂತ್ರಣದಲ್ಲಿ ಇರುತ್ತಾರೆ ಅಂತ ಹಳೆಯ ಸಂಹಿತೆಯ 25ಎ ಕಲಮೂ ಹೇಳಿತ್ತು, ಹೊಸದರ 20ನೇ ಕಲಮೂ ಹೇಳುತ್ತದೆ. ಈಗ ಲೆಕ್ಕ ಹಾಕಿ. ಆರೋಪಿ ಪೊಲೀಸ್, ಗೃಹ ಇಲಾಖೆ. ತನಿಖೆ ಮಾಡುವ ಸಿಐಡಿ, ಗೃಹ ಇಲಾಖೆ. ವಾದ ಮಾಡುವ ವಕೀಲರ ನಿರ್ದೇಶಕರು, ಗೃಹ ಇಲಾಖೆ. ಇದರ ಮೇಲೆ ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಕೇಸು ನಡೆಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇರೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಇದಕ್ಕೆಂದೇ ಇದೆ. ಕರ್ತವ್ಯದ ಎಲ್ಲೆ ಮೀರಿದ್ದರೂ ಕೃತ್ಯಕ್ಕೂ ಕರ್ತವ್ಯಕ್ಕೂ ನಂಟಿದ್ದರೆ ಅನುಮತಿ ಬೇಕೇ ಬೇಕು ಅಂತ 2020ರಲ್ಲಿ ನಮ್ಮ ರಾಜ್ಯದ್ದೇ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕು ಬಾಗಿಲು, ಒಂದೇ ಮನೆ. ಕದ ತಟ್ಟುವವನು ಮಾತ್ರ ಹೊರಗಿನವನು.

"ಅಯ್ಯೋ, ಸರ್ಕಾರಿ ವಕೀಲರು ಕೋರ್ಟಿನಲ್ಲಿ ಎಲ್ಲರೆದುರು ಕೇಸು ಬಿಟ್ಟುಕೊಡೋಕಾಗತ್ತಾ?" ಅಂತ ನೀವು ಕೇಳಬಹುದು. ಬಿಟ್ಟುಕೊಡಬೇಕಿಲ್ಲ ಸ್ವಾಮಿ. ಜಾಮೀನು ಅರ್ಜಿಗೆ ತಕರಾರು ಹಾಕ್ತಾರೆ, ನಾಲ್ಕು ಸಾಲಿನದ್ದು. ಸಾಕ್ಷಿ ಉಲ್ಟಾ ಹೊಡೆದರೆ ಪಾಟೀಸವಾಲು ಮಾಡ್ತಾರೆ, ಎರಡು ಪ್ರಶ್ನೆ. ಗಾಯದ ಬಗ್ಗೆ ಡಾಕ್ಟರನ್ನು ಕೇಳ್ತಾರೆ, ಆ ಗಾಯ ಬಿದ್ದರೆ ಆಗುವಂಥದ್ದೋ ಲಾಠಿಯಿಂದ ಆಗುವಂಥದ್ದೋ ಅನ್ನೋ ಒಂದು ಪ್ರಶ್ನೆ ಮಾತ್ರ ಉಳಿದುಹೋಗುತ್ತದೆ. ಕೇಸು ಬಿದ್ದಮೇಲೆ ಮೇಲ್ಮನವಿಗೆ ಯೋಗ್ಯವಲ್ಲ ಅಂತ ಒಂದು ಅಭಿಪ್ರಾಯ ಹೋಗುತ್ತದೆ. ದಾಖಲೆ ನೋಡಿದರೆ ಎಲ್ಲವೂ ನಡೆದಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದನ್ನು ಯಾರೂ ಸಾಬೀತು ಮಾಡಲಾರರು. ಸಾಬೀತು ಮಾಡೋಕೆ ಆಗದ್ದನ್ನು ಮೊದಲೇ ತಡೆಯಬೇಕು.

ನೊಂದವರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದಲ್ಲ ಅನ್ನೋದು ಎರಡನೆಯ ಮಾತು. ಇಟ್ಟುಕೊಳ್ಳಬಹುದು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅನುಮತಿ ಸಿಕ್ಕರೆ ಅವರೇ ಕೇಸು ನಡೆಸುವುದಕ್ಕೂ ದಾರಿಯಿದೆ. ಆದರೆ ಕೊಲೆಯಂಥ ದೊಡ್ಡ ಆರೋಪಗಳು ಹೋಗೋದು ಸೆಷನ್ಸ್ ಕೋರ್ಟಿಗೆ. ಅಲ್ಲಿ ನೊಂದವರ ವಕೀಲರ ಕೆಲಸ ಸರ್ಕಾರಿ ಅಭಿಯೋಜಕರಿಗೆ ನೆರವಾಗುವುದಷ್ಟೇ. ಅವರು ತಾವಾಗಿ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ಬಾಯಿಮಾತಿನ ವಾದ ಮಾಡುವಂತಿಲ್ಲ ಅಂತ 2019ರ ರೇಖಾ ಮುರಾರ್ಕಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚೀಟಿ ಬರೆದು ಮುಂದಿನ ಕುರ್ಚಿಗೆ ದಾಟಿಸಬಹುದು, ಆ ಚೀಟಿ ಓದೋದು ಬಿಡೋದು ಮುಂದಿನವರಿಗೆ ಬಿಟ್ಟಿದ್ದು. ತೋಟದಲ್ಲಿ ಕೂಲಿ ಮಾಡುವ ಮನೆಯವರು ವರ್ಷಗಟ್ಟಲೆ ವಕೀಲರ ಫೀಸು ಎಲ್ಲಿಂದ ತರ್ತಾರೆ ಅನ್ನೋದು ಬೇರೆ ಮಾತು.

ನಮ್ಮದೇ ಜಿಲ್ಲೆಯ ಇನ್ನೆರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲೂಕಿನ ಗೋಣಿಬೀಡು ಠಾಣೆಯಲ್ಲಿ ಒಬ್ಬ ದಲಿತ ಯುವಕನಿಗೆ ಹೊಡೆದು ಮೂತ್ರ ಕುಡಿಸಿದರು ಅಂತ ಎಸ್‌ಐ ಮೇಲೆ ದೂರು ಬಂತು. ಅಮಾನತು, ಸಿಐಡಿ ತನಿಖೆ ಆಗಿ, ಎಸ್‌ಐ ಬಂಧನ ಆಗುವಾಗ ಸೆಪ್ಟೆಂಬರ್ ಬಂದಿತ್ತು. 2023ರ ನವೆಂಬರ್ 30ರಂದು ಚಿಕ್ಕಮಗಳೂರು ನಗರ ಠಾಣೆಯಲ್ಲಿ ಹೆಲ್ಮೆಟ್ ವಿಷಯಕ್ಕೆ ಒಬ್ಬ ಯುವ ವಕೀಲರಿಗೆ ಪೊಲೀಸರು ಹೊಡೆದ ಆರೋಪ ಬಂತು. ಆರು ಪೊಲೀಸರು ಅಮಾನತಾದರು, ರಾಜ್ಯದಲ್ಲೆಲ್ಲ ವಕೀಲರು ಬೀದಿಗಿಳಿದರು, ಮಾರನೇ ದಿನವೇ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇತ್ತ ಸಹೋದ್ಯೋಗಿಗಳ ಮೇಲೆ ಕೇಸಾಯಿತು ಅಂತ ಪೊಲೀಸರೂ ಪ್ರತಿಭಟನೆಗೆ ಕೂತರು.

ಎರಡನೆಯ ಘಟನೆಯಲ್ಲಿ ಇದ್ದದ್ದು ಮೊದಲನೆಯದರಲ್ಲಿ ಇಲ್ಲದ ಕರಿಕೋಟು. ಕರಿಕೋಟಿನ ಹಿಂದೆ ಸಂಘ ನಿಂತಿತು, ಹೈಕೋರ್ಟ್ ನೋಡಿತು. ತಪ್ಪೇನಿಲ್ಲ, ಸಂತೋಷವೇ. ಆದರೆ ಪೊಲೀಸರು ತಮ್ಮವರ ಮೇಲೆ ಕೇಸಾದಾಗ ಒಟ್ಟಾಗಿ ನಿಲ್ಲುತ್ತಾರೆ ಅನ್ನೋದನ್ನೂ ಅದೇ ಘಟನೆ ತೋರಿಸಿತಲ್ಲ? ಜಿಲ್ಲಾ ಕೇಂದ್ರದಲ್ಲಿ, ಟಿವಿ ಕ್ಯಾಮೆರಾಗಳ ಮುಂದೆ ಅಷ್ಟು ಒತ್ತಡ ಇದ್ದರೆ, ಮೇಗುಂದದ ಕಡೆಯ ಒಬ್ಬ ಕೂಲಿಯಾಳಿನ ದೂರು ಇಟ್ಟುಕೊಂಡು ತಾಲೂಕು ಕೋರ್ಟಿನಲ್ಲಿ ಒಬ್ಬರೇ ನಿಂತ ಎಪಿಪಿಯ ಮೇಲೆ ಎಷ್ಟಿರಬೇಡ? ಅವರನ್ನು ಆ ಇಕ್ಕಟ್ಟಿಗೆ ತಳ್ಳೋದೇ ಅನ್ಯಾಯ. ಪ್ರಾಮಾಣಿಕ ಎಪಿಪಿಗೆ ಈ ವ್ಯವಸ್ಥೆಯಿಂದ ಆಗುವ ಅನ್ಯಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು, ಹೊರಗಿನವರನ್ನು ತಂದರೆ ಪೊಲೀಸರಿಗೆ ಅನ್ಯಾಯ ಆಗುವುದಿಲ್ಲವೇ, ಸುಳ್ಳು ದೂರುಗಳೂ ಇರುತ್ತವಲ್ಲ ಅನ್ನೋ ವಾದ. ಖಂಡಿತ ಇರುತ್ತವೆ. ಸರ್ಕಾರಿ ಅಭಿಯೋಜಕರ ಕೆಲಸ ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದಲ್ಲ, ಸತ್ಯವನ್ನು ಕೋರ್ಟಿನ ಮುಂದಿಡುವುದು ಅಂತ 1999ರ ಶಿವಕುಮಾರ್ ವಿರುದ್ಧ ಹುಕಂಚಂದ್ ತೀರ್ಪು ಹೇಳುತ್ತದೆ. ಹೊರಗಿನವರಿಗೂ ಅದೇ ಧರ್ಮ. ಸುಳ್ಳು ದೂರಿನಲ್ಲಿ ಸಿಕ್ಕಿಬಿದ್ದ ಪೇದೆಗೂ ಇದರಿಂದ ಲಾಭವೇ. ಪರಿಚಯದ ವಕೀಲರು ನಡೆಸಿದ ಕೇಸಿನಲ್ಲಿ ಖುಲಾಸೆಯಾದರೆ ಊರು "ಒಳಗೊಳಗೇ ಮುಗಿಸಿಕೊಂಡ್ರು" ಅನ್ನುತ್ತದೆ. ಸಂಬಂಧವಿಲ್ಲದವರು ನಡೆಸಿದ ಕೇಸಿನಲ್ಲಿ ಖುಲಾಸೆಯಾದರೆ ಅವನು ತಲೆಯೆತ್ತಿ ಠಾಣೆಗೆ ವಾಪಸು ಹೋಗಬಹುದು.

ಇದೆಲ್ಲ ನಡೆಯುವ ಮಾತಾ ಅಂದರೆ, ಇನ್ನೂ ದೊಡ್ಡ ಮಟ್ಟದಲ್ಲಿ ನಮ್ಮ ರಾಜ್ಯದಲ್ಲೇ ನಡೆದುಹೋಗಿದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ನೆನಪಿದೆಯಲ್ಲ? 2001ರಲ್ಲಿ ಅವರ ಪಕ್ಷ ತಮಿಳುನಾಡಿನಲ್ಲಿ ಮತ್ತೆ ಅಧಿಕಾರಕ್ಕೆ ಬಂದಮೇಲೆ ಸಾಕ್ಷಿ ಹೇಳಿ ಮುಗಿಸಿದ್ದ 76 ಮಂದಿಯನ್ನು ಮತ್ತೆ ಕರೆಸಲಾಯಿತು. ಬಹಳಷ್ಟು ಮಂದಿ ಮಾತು ಬದಲಿಸಿದರು. ಸರ್ಕಾರಿ ವಕೀಲರು ಅದನ್ನು ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ. ಆರೋಪಿಯೇ ಮುಖ್ಯಮಂತ್ರಿ, ಸರ್ಕಾರಿ ವಕೀಲರನ್ನು ನೇಮಿಸೋದೂ ಅವರ ಸರ್ಕಾರವೇ. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿ, ವಿಶೇಷ ಅಭಿಯೋಜಕರನ್ನು ಕರ್ನಾಟಕ ಸರ್ಕಾರ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸಿ ನೇಮಿಸಲಿ ಅಂದಿತು. ಬಿ.ವಿ. ಆಚಾರ್ಯರು ನೇಮಕವಾದರು. ಮುಂದೆ ಹೈಕೋರ್ಟಿನ ಮೇಲ್ಮನವಿಯಲ್ಲಿ ತಮಿಳುನಾಡು ಸರ್ಕಾರ ಭವಾನಿ ಸಿಂಗ್ ಅವರನ್ನು ನೇಮಿಸಿದಾಗ, ಹಾಗೆ ನೇಮಿಸುವ ಅಧಿಕಾರವೇ ಅದಕ್ಕಿಲ್ಲ ಅಂತ 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಬ್ಬ ಮುಖ್ಯಮಂತ್ರಿಯ ಕೇಸಿಗೆ ರಾಜ್ಯದ ಗಡಿ ದಾಟಿಸಿದವರು, ಒಬ್ಬ ಎಸ್‌ಐ ಕೇಸಿಗೆ ಜಿಲ್ಲೆಯ ಗಡಿಯನ್ನಾದರೂ ದಾಟಿಸಬಾರದೇ?

ಹೊರದೇಶಗಳೂ ಇದೇ ಪಾಠ ಕಲಿತಿವೆ. ನ್ಯೂಯಾರ್ಕಿನಲ್ಲಿ ಎರಿಕ್ ಗಾರ್ನರ್ ಸಾವಿನ ನಂತರ, 2015ರ ಜುಲೈನಲ್ಲಿ ನಿರಾಯುಧರನ್ನು ಪೊಲೀಸರು ಕೊಂದ ಪ್ರಕರಣಗಳನ್ನು ಸ್ಥಳೀಯ ಪ್ರಾಸಿಕ್ಯೂಟರ್ ಬದಲು ರಾಜ್ಯದ ಅಟಾರ್ನಿ ಜನರಲ್ ನಡೆಸಬೇಕು ಅಂತ ರಾಜ್ಯಪಾಲರ ಆದೇಶವಾಯಿತು. ಕಾರಣವೂ ಇದೇ, ಸ್ಥಳೀಯರು ದಿನಾ ಪೊಲೀಸರನ್ನೇ ನೆಚ್ಚಿಕೊಂಡಿರುತ್ತಾರೆ ಅನ್ನೋದು. 2020ರಲ್ಲಿ ಅದನ್ನು ಕಾನೂನೇ ಮಾಡಿದರು. ಅದೇ ವರ್ಷ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಒಂದು ವಾರದೊಳಗೆ ಕೇಸಿನ ಮುಂದಾಳತ್ವ ಅಟಾರ್ನಿ ಜನರಲ್ ಕೀತ್ ಎಲಿಸನ್ ಕೈಗೆ ಹೋಯಿತು. ಹೊರಗಿನ ವಕೀಲರೂ ತಂಡದಲ್ಲಿ ಸೇರಿದರು. 2021ರ ಏಪ್ರಿಲ್ 20ರಂದು ಆ ಪೊಲೀಸ್ ತಪ್ಪಿತಸ್ಥ ಅಂತ ತೀರ್ಪು ಬಂತು. ಅವರ ವ್ಯವಸ್ಥೆ ಬೇರೆ, ಅಲ್ಲಿ ಪ್ರಾಸಿಕ್ಯೂಟರುಗಳು ಚುನಾವಣೆಗೆ ನಿಲ್ಲುತ್ತಾರೆ. ಹಾಗೇ ನಕಲು ಮಾಡಿ ಅಂತ ನಾನು ಹೇಳುತ್ತಿಲ್ಲ. ದೂರದವರಿಗೆ ಕೊಡಿ ಅನ್ನೋ ಮೂಲ ಮಾತು ಮಾತ್ರ ಎಲ್ಲ ಊರಿಗೂ ಹೊಂದುತ್ತದೆ.

ಹಾಗಾದರೆ ನಾನು ಕೇಳ್ತಿರೋದೇನು? ಮೂರೇ ಮೂರು.

ಒಂದು, ಕರ್ತವ್ಯದ ಮೇಲಿದ್ದಾಗ ಮಾಡಿದ ಕೃತ್ಯಕ್ಕೆ ಪೊಲೀಸರು ಆರೋಪಿಯಾಗಿರುವ ಪ್ರತಿ ಕೇಸನ್ನೂ ಆ ಜಿಲ್ಲೆಯಲ್ಲಿ ಕೆಲಸ ಮಾಡದ ಅಭಿಯೋಜಕರೇ ನಡೆಸಬೇಕು. ಮೊದಲ ಜಾಮೀನು ಅರ್ಜಿಯ ದಿನದಿಂದಲೇ. ಕೊಪ್ಪದ ಕೇಸಿಗೆ ಶಿವಮೊಗ್ಗದಿಂದಲೋ ಹಾಸನದಿಂದಲೋ ಒಬ್ಬರು ಬಂದರೆ ಸರ್ಕಾರಕ್ಕೆ ಆಗುವ ಖರ್ಚು ಒಂದು ಕಾರಿನ ಬಾಡಿಗೆ.

ಎರಡು, ಅವರನ್ನು ಆರಿಸೋದು ಗೃಹ ಇಲಾಖೆ ಆಗಬಾರದು. ಹೈಕೋರ್ಟಿನ ಸಮಾಲೋಚನೆಯಲ್ಲಿ ಮೊದಲೇ ಮಾಡಿಟ್ಟ ಪಟ್ಟಿಯಿಂದ ಸರದಿಯ ಪ್ರಕಾರ ಬರಲಿ. ಆ ಕೇಸುಗಳ ಸಾಕ್ಷಿಗಳಿಗೆ ಸಮನ್ಸ್ ಮುಟ್ಟಿಸೋದೂ ಆರೋಪಿಯ ಠಾಣೆಯವರ ಕೈಯಲ್ಲಿ ಇರಕೂಡದು.

ಮೂರು, ಇದು ತಾನಾಗಿಯೇ ಆಗಬೇಕು. ಇದೇ ಮುಖ್ಯ. ಈಗಲೂ ವಿಶೇಷ ಅಭಿಯೋಜಕರನ್ನು ನೇಮಿಸಲು ಕಾನೂನಿನಲ್ಲಿ ಅವಕಾಶ ಇದೆ, ಆದರೆ ಅದಕ್ಕೆ ಯಾರಾದರೂ ಕೇಳಬೇಕು. ಕೇಳಬೇಕಾದರೆ ಗೊತ್ತಿರಬೇಕು, ಗೊತ್ತಿದ್ದರೂ ಧೈರ್ಯ ಬೇಕು, ಧೈರ್ಯವಿದ್ದರೂ ಬೆಂಗಳೂರಿಗೆ ಓಡಾಡೋ ಬಸ್‌ಚಾರ್ಜು ಬೇಕು. ಅದೇ ಊರಲ್ಲಿ, ಅದೇ ಠಾಣೆಯ ಎದುರಿನ ರಸ್ತೆಯಲ್ಲಿ ಓಡಾಡಿಕೊಂಡು ಬಾಳಬೇಕಾದವರ ಬಾಯಲ್ಲಿ "ಈ ಸರ್ಕಾರಿ ವಕೀಲರ ಮೇಲೆ ನಮಗೆ ನಂಬಿಕೆ ಇಲ್ಲ" ಅಂತ ಬರೆಸಿಕೊಂಡು ಆಮೇಲೆ ನ್ಯಾಯ ಕೊಡೋದು ಎಂಥ ನ್ಯಾಯ? ಕೇಳುವ ಭಾರವನ್ನು ಅವರ ತಲೆಯಿಂದ ಇಳಿಸಿ, ನಿಯಮದ ತಲೆಗೆ ಹೊರಿಸಿದರೆ ಯಾರಿಗೂ ಅವಮಾನವಿಲ್ಲ. ಎಪಿಪಿಯವರಿಗೂ ಇಲ್ಲ.

2025ರ ಜನವರಿ, ಫೆಬ್ರವರಿಯಲ್ಲಿ ಮುಂಡಗಾರು ಲತಾ, ಕೋಟೆಹೊಂಡ ರವೀಂದ್ರ ಮತ್ತಿತರರು ಶರಣಾದಮೇಲೆ ಮಲೆನಾಡಿನ ಕಾಡುಗಳಲ್ಲಿ ಬಂದೂಕಿನ ಅಧ್ಯಾಯ ಮುಗಿಯಿತು ಅಂತ ಸರ್ಕಾರ ಹೇಳಿತು. ಒಳ್ಳೆಯದೇ ಆಯಿತು. ಬಂದೂಕು ಬಿಟ್ಟು ಕಾನೂನಿನ ದಾರಿಗೆ ಬನ್ನಿ ಅಂತ ಕರೆದವರು ಆ ದಾರಿಯನ್ನು ಎಲ್ಲರಿಗೂ ಒಂದೇ ಅಗಲಕ್ಕೆ ಇಟ್ಟಿರಬೇಕಲ್ಲವೇ? ಖಾಕಿ ಹಾಕಿದವರ ಮೇಲಿನ ದೂರಿಗೂ ಅಷ್ಟೇ ಅಗಲ ಇರಬೇಕು.

ಬ್ಲಾಗ್ ಮಿತ್ರರಲ್ಲಿ ವಕೀಲರು ಯಾರಾದರೂ ಇದ್ದರೆ, ಅದರಲ್ಲೂ ತಾಲೂಕು ಕೋರ್ಟಿನಲ್ಲಿ ಓಡಾಡಿದವರಿದ್ದರೆ, ಮೇಲಿನ ಮೂರರಲ್ಲಿ ಯಾವುದು ನಡೆಯೋದಿಲ್ಲ, ಯಾಕೆ ನಡೆಯೋದಿಲ್ಲ ಅಂತ ಬರೆಯಿರಿ. "ಒಳ್ಳೇ ಲೇಖನ, ಹೀಗೇ ಬರೀತಾ ಇರಿ" ಅನ್ನೋ ಕಮೆಂಟಿಗಿಂತ ಒಂದು ಒಳ್ಳೆಯ ಜಗಳ ಈ ವಿಷಯಕ್ಕೆ ಹೆಚ್ಚು ಉಪಯೋಗ. ಏನಂತೀರಿ?